ಐದನೆಯ ತಟ್ಟೆ

“ಇನ್ನೇನು ಕಮ್ಮಿಯಾಯ್ತು?”

ಸಾವಂತ್ರಮ್ಮ ಹಾಗೆ ಕೇಳಿದ್ದು ನನ್ನನ್ನಲ್ಲ. ಪಕ್ಕದಲ್ಲಿ ನಿಂತಿದ್ದ ಗಂಡ ಮರುಳಪ್ಪನನ್ನೂ ಅಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಸಿಂಗರಿಸಿದ ಊಟದ ಮೇಜನ್ನೇ ದಿಟ್ಟಿಸುತ್ತ ಕೇಳಿದರು. ನಮ್ಮೂರಿನಲ್ಲಿ ಈ ಪ್ರಶ್ನೆ ದಿನಕ್ಕೆ ಎರಡು ಹೊತ್ತು ಒಂದಲ್ಲ ಒಂದು ಮನೆಯ ಕಿಟಕಿಯಿಂದ ಕೇಳಿಬರುತ್ತದೆ. ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ. ಉಪ್ಪಿನ ಬಟ್ಟಲನ್ನು ಒಂದು ಬೆರಳು ಎಡಕ್ಕೆ ತಳ್ಳುತ್ತಾರೆ, ಲೋಟದ ಅಂಚನ್ನು ಮತ್ತೊಮ್ಮೆ ಒರೆಸುತ್ತಾರೆ, ಹೂವಿನ ಬಟ್ಟಲನ್ನು ತಿರುಗಿಸಿಡುತ್ತಾರೆ. ಆಮೇಲೆ ಉಸಿರು ಹಿಡಿದು ನಿಲ್ಲುತ್ತಾರೆ. ಎಲ್ಲವೂ ಸರಿಯಾಗಿದ್ದರೆ ಮೇಜು ಓಗೊಡುತ್ತದೆ.

ಆ ದನಿಯನ್ನು ಹೇಗೆ ಹೇಳಲಿ? ಮುಚ್ಚಿದ ಬಾಗಿಲಿನ ಆಚೆ ಯಾರೋ ತಂಬೂರಿ ಮೀಟಿದ ಹಾಗೆ ಎಂದರೆ ಸ್ವಲ್ಪ ಹತ್ತಿರ ಬಂದೀತು. ಮೊದಲು ಅಂಗಾಲಿಗೆ ತಿಳಿಯುತ್ತದೆ, ಆಮೇಲೆ ಎದೆಗೆ, ಕಿವಿಗೆ ತಲುಪುವುದು ಕೊನೆಯಲ್ಲಿ. ಲೋಟದ ನೀರಿನ ಮೇಲೆ ಸಣ್ಣ ಬಳೆಯಂಥ ಅಲೆಗಳು ಏಳುತ್ತವೆ. ಉಣ್ಣುವಷ್ಟು ಹೊತ್ತೂ ದನಿ ಇರುತ್ತದೆ. ಕೊನೆಯವರು ಕೈ ತೊಳೆಯಲು ಎದ್ದಾಗ ನಿಲ್ಲುತ್ತದೆ. ಓಗೊಡದ ಮೇಜಿಗೆ ಕೂತು ಉಂಡರೆ ಸಾರೂ ಒಂದೇ, ಪಾಯಸವೂ ಒಂದೇ. ನೆನೆದ ಕಾಗದ ಅಗಿದ ಹಾಗೆ. ಅವಸರವಿದ್ದವರು ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡು ಉಂಡೇಳುತ್ತಾರೆ, ನೆಲದ ಊಟಕ್ಕೆ ಈ ಕಟ್ಟುಪಾಡಿಲ್ಲ. ನಮ್ಮೂರ ಹೋಟೆಲಿನಲ್ಲಂತೂ ಮೇಜೇ ಇಲ್ಲ. ಗಳಿಗೆಗೊಬ್ಬರು ಬಂದು ಹೋಗುವ ಜಾಗದಲ್ಲಿ ಯಾವ ಮೇಜು ತಾನೇ ಓಗೊಟ್ಟೀತು? ಅಲ್ಲಿ ಎಲ್ಲರೂ ನಿಂತೇ ದೋಸೆ ತಿನ್ನುತ್ತಾರೆ.

ಮೇಜು ಸಿಂಗರಿಸುವುದು ನನ್ನ ಕೆಲಸ. ನನ್ನ ಹೆಸರು ಜಾನಕಿ, ಊರಿಗೆಲ್ಲ ಜಾನಕ್ಕ. ಮನೆಯವರ ಕೈಗೆ ಮೇಜು ಒಲಿಯದಿದ್ದಾಗ ನನ್ನನ್ನು ಕರೆಯುತ್ತಾರೆ. ನನ್ನಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ, ಕೇಳಿಸಿಕೊಳ್ಳುವುದೊಂದು ಗೊತ್ತು. ಅಪ್ಪ ಕಾವ್ಯ ಓದುವವರು. ಸಂಜೆ ದೇವಸ್ಥಾನದ ಜಗುಲಿಯಲ್ಲಿ ಅವರು ರಾಗ ಎತ್ತಿದರೆ ಪಕ್ಕದಲ್ಲಿ ಹಾಳೆ ತಿರುಗಿಸುವವಳು ನಾನು. ಮಾತು ಬರುವುದಕ್ಕಿಂತ ಮೊದಲೇ ಷಟ್ಪದಿಯ ನಡೆ ನನ್ನ ಮೈಗೆ ಬಂದಿತ್ತು ಎಂದು ಅಮ್ಮ ಹೇಳುತ್ತಿದ್ದಳು. ಮೇಜಿನ ಮುಂದೆ ನಿಂತಾಗ ನಾನು ಮಾಡುವುದು ಅದನ್ನೇ. ಕಣ್ಣು ಮುಚ್ಚಿ ದೇವರ ಹೆಸರು ಹೇಳಿ ಸುಮ್ಮನಾಗುತ್ತೇನೆ. ಪದ್ಯದಲ್ಲಿ ಒಂದು ಮಾತ್ರೆ ತಪ್ಪಿದರೆ ಕಿವಿ ಮುಳ್ಳು ತುಳಿದಂತಾಗುತ್ತದಲ್ಲ, ಹಾಗೆ ಎಲ್ಲಿ ತಪ್ಪಿದೆಯೆಂದು ತಿಳಿಯುತ್ತದೆ. ಅಂಚೆ ಹಂಚುವ ಸಿದ್ದೇಗೌಡನ ಮನೆಯ ಮೇಜಿಗೆ ಒಂದು ನಿಂಬೆಹಣ್ಣು ಬೇಕು, ಕೊಯ್ದದ್ದಾಗಬಾರದು, ಇಡಿಯದು. ಟೈಲರ್ ಅಬ್ಬಾಸ್ ಸಾಬರ ಮನೆಯ ಮೇಜು ಬಿಳಿ ಬಟ್ಟೆ ಹಾಸಿದರೆ ಮುನಿಯುತ್ತದೆ. ಒಂಟಿಯಾಗಿರುವ ಡ್ರಾಯಿಂಗ್ ಮೇಷ್ಟರ ಮೇಜಿನ ಮೇಲೆ ಎರಡು ಲೋಟ ಇಟ್ಟರೆ ಮಾತ್ರ ದನಿ. ಯಾಕೆಂದು ನಾನು ಕೇಳಿಲ್ಲ, ಅವರು ಹೇಳಿಲ್ಲ.

ಮರುಳಪ್ಪನ ಮನೆಗೆ ನಾನು ಹನ್ನೊಂದು ವರ್ಷದಿಂದ ಹೋಗುತ್ತಿದ್ದೆ. ಮೇಜಿಗೆ ಕೂರುವವರು ನಾಲ್ಕು ಜನ: ಗಡಿಯಾರ ರಿಪೇರಿ ಮಾಡುವ ಮರುಳಪ್ಪ, ಹೆಂಡತಿ ಸಾವಂತ್ರಮ್ಮ, ಅಪ್ಪ ನಂಜುಂಡಪ್ಪ, ಅಕ್ಕ ಗಂಗಾಂಬಿಕೆ. ಹಬ್ಬದ ದಿನ ಕರೆಯುತ್ತಿದ್ದರು. ಅರ್ಧ ಗಳಿಗೆಯಲ್ಲಿ ಮುಗಿಸಿ ಬರುತ್ತಿದ್ದೆ. ಈ ಸಲ ಕರೆದದ್ದು ಹಬ್ಬಕ್ಕಲ್ಲ. ಐದನೆಯ ತಟ್ಟೆಗೆ.

ಹೊನ್ನಿಗೆ ಎಂಟು ವರ್ಷ. ಮಕ್ಕಳಿಲ್ಲದ ಸಾವಂತ್ರಮ್ಮ ಅವಳನ್ನು ಹೊಳೆಯಾಚೆಯ ಆಶ್ರಮದಿಂದ ಸಾಕಲು ಕರೆತಂದು ಇಪ್ಪತ್ತು ದಿನವಾಗಿತ್ತು. ಆಶ್ರಮದ ನಿಯಮ ಒಂದೇ. ಮಗು ಬಂದ ಮೇಲಿನ ಮೊದಲ ಹುಣ್ಣಿಮೆಯೊಳಗೆ, ಮನೆಯವರೊಂದಿಗೆ ಅದನ್ನೂ ಕೂರಿಸಿಕೊಂಡು ಮೇಜು ಓಗೊಡಬೇಕು. ಓಗೊಡದಿದ್ದರೆ ಹುಣ್ಣಿಮೆಯ ದಿನ ಗಾಡಿ ಬರುತ್ತದೆ, ಮಗು ವಾಪಸು. ಅದರ ಬಗ್ಗೆ ಯಾರೂ ಯಾರನ್ನೂ ಬೈಯುವಂತಿಲ್ಲ. ಹುಣ್ಣಿಮೆಗೆ ಇನ್ನು ನಾಲ್ಕು ದಿನ ಉಳಿದಿತ್ತು.

“ನಾಲ್ಕು ತಟ್ಟೆ ಇಟ್ರೆ ಕೂಡಲೇ ದನಿ ಕೊಡುತ್ತೆ ಜಾನಕ್ಕ,” ಎಂದರು ಸಾವಂತ್ರಮ್ಮ. “ಐದನೇದು ಇಟ್ಟ ಕೂಡಲೇ ಬಾಯಿಗೆ ಬಟ್ಟೆ ತುರುಕಿದ ಹಾಗೆ ನಿಂತೇ ಹೋಗುತ್ತೆ. ಇವಳು ಬಂದ ದಿನದಿಂದ ನಾವೆಲ್ಲ ಅಡುಗೆಮನೆ ನೆಲದ ಮೇಲೇ ಉಣ್ತಿದೀವಿ. ಇವಳನ್ನ ಬಿಟ್ಟು ಮೇಜಿಗೆ ನಾನು ಕೂರಲ್ಲ.”

“ನೆಲದ ಮೇಲೆ ಕೂತು ನನ್ನ ಮಂಡಿ ಮಾತ್ರ ಓಗೊಡ್ತಿದೆ,” ಎಂದರು ಗಂಗಾಂಬಿಕೆ ಒಳಗಿನಿಂದ.

ನಾನು ಮೊದಲಿನಿಂದ ಶುರುಮಾಡಿದೆ. ಹಳೆಯ ಹಾಸುಬಟ್ಟೆ ತೆಗೆದು, ಸಾವಂತ್ರಮ್ಮನ ಮದುವೆ ಸೀರೆಯ ಸೆರಗಿನಿಂದ ಹೊಲಿದಿದ್ದ ಬಟ್ಟೆ ಹಾಸಿದೆ. ಅಂಚು ಎರಡೂ ಕಡೆ ಒಂದೇ ಗೇಣು ಇಳಿಯುವಂತೆ ಎಳೆದೆ. ತಟ್ಟೆಗೂ ಮೇಜಿನ ಅಂಚಿಗೂ ನಡುವೆ ನಾಲ್ಕು ಬೆರಳು, ಲೋಟ ಬಲಕ್ಕೆ. ಮೇಜಿನ ಹೂವು ಮೋಟಾಗಿರಬೇಕು, ಎದುರಿನವರ ಮುಖ ಮರೆಯಾಗಬಾರದು. ಸುಗಂಧರಾಜವನ್ನು ನಾನು ಊಟದ ಮೇಜಿಗೆ ಮುಟ್ಟಿಸುವುದೇ ಇಲ್ಲ, ಸಾರಿನ ಘಮವನ್ನು ಅದು ತಿಂದುಹಾಕುತ್ತದೆ. ಅಗಲವಾದ ಹಿತ್ತಾಳೆ ಬಟ್ಟಲಿನಲ್ಲಿ ನೀರು ತುಂಬಿ ನಾಲ್ಕು ಕಣಗಿಲೆ ತೇಲಿಬಿಟ್ಟೆ. ನಾಲ್ಕು ತಟ್ಟೆ ಇಟ್ಟೆ. ಮೇಜು ಓಗೊಟ್ಟಿತು, ಹನ್ನೊಂದು ವರ್ಷದಿಂದ ನಾನು ಬಲ್ಲ ಅದೇ ದನಿ, ಸ್ವಲ್ಪ ತಗ್ಗಿನ, ಸಮಾಧಾನದ ದನಿ. ಐದನೆಯ ತಟ್ಟೆಯನ್ನು ಸಾವಂತ್ರಮ್ಮನ ಪಕ್ಕದ ಖಾಲಿ ಜಾಗದಲ್ಲಿ ಇಟ್ಟೆ.

ನಿಂತುಹೋಯಿತು.

ನಿಂತ ಮೇಲೆ ಉಳಿದ ಮೌನ ಬರಿಯ ಮೌನವಾಗಿರಲಿಲ್ಲ. ಅಪ್ಪ ಪದ್ಯದ ನಡುವೆ ಉಸಿರು ಹಿಡಿದು ನಿಂತಾಗ ಹೀಗಿರುತ್ತಿತ್ತು. ಮುಂದಿನ ಸಾಲು ಇದೆ, ಬರುತ್ತಿಲ್ಲ, ಅಷ್ಟೆ. ತಟ್ಟೆಯನ್ನು ಬಾಗಿಲ ಕಡೆ ಇಟ್ಟು ನೋಡಿದೆ, ಅಜ್ಜನ ಎಡಕ್ಕೆ ಇಟ್ಟು ನೋಡಿದೆ. ಬೆಳ್ಳಿಯದನ್ನು ತೆಗೆದು ಸ್ಟೀಲಿನದು ಇಟ್ಟೆ, ಅದನ್ನೂ ತೆಗೆದು ಬಾಳೆಯೆಲೆ ಹಾಕಿದೆ. ಉಪ್ಪು, ನಿಂಬೆ, ದೀಪ. ಬಟ್ಟೆ ಬದಲಾಯಿಸಿದೆ. ನಂಜುಂಡಪ್ಪನವರು ಊರುಗೋಲಿನಿಂದ ಮೇಜಿನ ಕಾಲಿಗೆ ಒಂದು ಬಾರಿಸಿ, “ನನ್ನ ಕಾಲದಲ್ಲಿ ಗದರಿದ್ರೆ ಸಾಕಿತ್ತು, ಒದರೋದು,” ಎಂದರು. ಮೇಜು ಅವರ ಮಾತಿಗೂ ಬಗ್ಗಲಿಲ್ಲ.

ಅಷ್ಟು ಹೊತ್ತೂ ಹೊನ್ನಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಮೊಣಕಾಲಿಗಿಂತ ಉದ್ದದ ಲಂಗ. ಈಗ ಮೆಲ್ಲಗೆ ಬಂದು, ತನ್ನ ತಟ್ಟೆಯನ್ನು ತಾನೇ ಎತ್ತಿ ಎದೆಗೆ ಒತ್ತಿ ಹಿಡಿದುಕೊಂಡಳು. “ನೀವೆಲ್ಲ ಉಣ್ಣಿ ಅಮ್ಮೋರೆ. ನಾನು ಆಮೇಲೆ ಉಣ್ತೀನಿ.” ತಟ್ಟೆ ಎತ್ತಿದ ಕೂಡಲೇ ಮೇಜು ಮತ್ತೆ ಓಗೊಟ್ಟಿತು. ಸಾವಂತ್ರಮ್ಮ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಅಡುಗೆಮನೆಗೆ ಹೋಗಿಬಿಟ್ಟರು.

ಗಂಗಾಂಬಿಕೆ ನನ್ನನ್ನು ಹಿತ್ತಲಿಗೆ ಕರೆದರು. ನನಗಿಂತ ನಾಲ್ಕು ವರ್ಷ ದೊಡ್ಡವರು, ಶಾಲೆಯ ಕಾಲದಿಂದ ಬಲ್ಲವರು. “ಜಾನಕಿ, ಒಂದು ಮಾತು. ಆಶ್ರಮದೋರು ಬಂದಾಗ ಮೇಲೆ ನಾಲ್ಕೇ ತಟ್ಟೆ ಇಡು. ಮಗು ತನ್ನದನ್ನ ತೊಡೆ ಮೇಲೆ ಇಟ್ಕೊಳ್ಳಲಿ, ಬಟ್ಟೆ ಅಂಚು ಇಳಿಬಿಟ್ರೆ ಕಾಣಲ್ಲ. ಮೇಜೂ ಓಗೊಡುತ್ತೆ, ಅವರೂ ಕೇಳಿಸ್ಕೊಂಡು ಹೋಗ್ತಾರೆ. ಯಾರಿಗೆ ಗೊತ್ತಾಗುತ್ತೆ?”

ಆ ಮಾತಿನಲ್ಲಿ ಕೆಡುಕಿರಲಿಲ್ಲ. ಮಗು ಹೋಗಬಾರದೆಂದು ಅವರಿಗೂ ಇತ್ತು. ಆದರೆ ಕಿಟಕಿಯ ಒಳಗಿನಿಂದ ಸಾವಂತ್ರಮ್ಮ ಕೇಳಿಸಿಕೊಂಡಿದ್ದರು. “ತೊಡೆ ಮೇಲೆ ಇಟ್ಕೊಂಡು ಎಷ್ಟು ವರ್ಷ ಉಣ್ಣಬೇಕು ಅತ್ತಿಗೆ, ನನ್ನ ಮಗಳು?”

ಗಂಗಾಂಬಿಕೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮಂಡಿ ಒತ್ತಿಕೊಂಡರು.

ಎರಡು ದಿನ ಬಿಟ್ಟು ಬೆಳಿಗ್ಗೆ ಮತ್ತೆ ಹೋದೆ. ಈ ಸಲ ಹೊನ್ನಿಯ ಕೈಯಲ್ಲೇ ಮೇಜು ಸಿಂಗರಿಸಿ ನೋಡೋಣವೆಂದು ಯೋಚಿಸಿದ್ದೆ. ಅವಳ ಕೈ ನೋಡಿ ಬೆರಗಾದೆ. ಬಟ್ಟೆಯನ್ನು ಒಂದೇ ಸಲ ಗಾಳಿಗೆ ಹಾರಿಸಿ ಸುಕ್ಕಿಲ್ಲದೆ ಇಳಿಸಿದಳು. ತಟ್ಟೆ ಇಡುವಾಗ ಸದ್ದಿಲ್ಲ. ಲೋಟಗಳನ್ನು ಅಂಚಿನಿಂದ ಹಿಡಿಯದೆ ಬುಡದಿಂದ ಹಿಡಿದಳು. ಯಾರು ಕಲಿಸಿದರೆಂದು ಕೇಳಿದೆ.

“ಅಲ್ಲಿ ಅರವತ್ತು ತಟ್ಟೆ ನಾನೇ ಇಡ್ತಿದ್ದೆ. ಬಡಿಸೋ ಲಲಿತ ಜ್ವರ ಬಂದು ಮಲಗಿದ್ರೆ ಅದೂ ನಾನೇ.”

“ನಿನ್ನ ತಟ್ಟೆ ಎಲ್ಲಿ?”

ಮೇಜಿನ ಮೇಲೆ ನಾಲ್ಕೇ ಇದ್ದವು. ಹೊನ್ನಿ ನನ್ನ ಕಡೆ ನೋಡಿದಳು, ನಾನು ಏನೋ ತಮಾಷೆ ಮಾಡುತ್ತಿದ್ದೇನೆಂಬಂತೆ. “ಎಲ್ರುದೂ ಆದ್ಮೇಲೆ ಅಲ್ವಾ?”

“ನಿನಗೆ ಎಲ್ಲಿ ಕೂರೋಕಿಷ್ಟ?”

“ಎಲ್ಲಾದ್ರೂ.”

“ಅಜ್ಜನ ಪಕ್ಕ?”

“ಹೂಂ.”

“ಬಾಗಿಲ ಹತ್ತಿರ?”

“ಹೂಂ.”

“ಮೇಜಿನ ಕೆಳಗೆ?”

“ಹೂಂ,” ಅಂದಳು, ನಗಲಿಲ್ಲ. ಕೂತ್ಕೋ ಅಂದಿದ್ದರೆ ಕೂತೇಬಿಡುತ್ತಿದ್ದಳು. ಅವಳಿಗೆ ಬೇಡ ಎನ್ನುವ ಮಾತು ಗೊತ್ತಿದೆಯೇ ಎಂದೇ ನನಗೆ ಅನುಮಾನವಾಯಿತು. ಆ ದಿನವೂ ಐದಕ್ಕೆ ಮೇಜು ಓಗೊಡಲಿಲ್ಲ. ಮರುಳಪ್ಪ ಸಂಜೆ ಅಂಗಡಿಗೆ ಹೋಗದೆ ಹಜಾರದಲ್ಲಿ ಕೂತು, ಬಿಚ್ಚಿದ ಒಂದು ಗಡಿಯಾರವನ್ನು ಜೋಡಿಸದೆ ಕೈಯಲ್ಲಿ ಹಿಡಿದುಕೊಂಡೇ ಇದ್ದರು.

ಹುಣ್ಣಿಮೆಯ ದಿನ ಬೆಳಿಗ್ಗೆ ಸ್ನಾನ ಮಾಡಿ ದೇವರ ಮುಂದೆ ಕೂತೆ. ಇಷ್ಟು ವರ್ಷ ನನಗೆ ಕೇಳುವ ಕಿವಿ ಕೊಟ್ಟಿದ್ದೀಯ, ಇವತ್ತು ಅದನ್ನು ಮುಚ್ಚಬೇಡ ಎಂದಷ್ಟೇ ಹೇಳಿ ಎದ್ದೆ. ಹನ್ನೊಂದರ ಹೊತ್ತಿಗೆ ಮರುಳಪ್ಪನ ಮನೆಯ ಮುಂದೆ ಆಶ್ರಮದ ಗಾಡಿ ಆಗಲೇ ನಿಂತಿತ್ತು. ಆಶ್ರಮದ ಹಿರಿಯಮ್ಮ ಜಗುಲಿಯ ಮೇಲೆ ಕೂತಿದ್ದರು. ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಪಕ್ಕದಲ್ಲಿಟ್ಟಿದ್ದರು. “ಊಟದ ಹೊತ್ತು ಮುಗಿಯೋ ತನಕ ಕಾಯ್ತೀನಿ ತಾಯಿ,” ಎಂದರು ನನಗೆ. ಒಳಗೆ ಹೋಳಿಗೆಯ ಪರಿಮಳ ತುಂಬಿತ್ತು. ಹೊನ್ನಿಯ ಎರಡು ಲಂಗ, ಒಂದು ಬಾಚಣಿಗೆ, ಒಂದು ಸ್ಲೇಟು ಗಂಟು ಕಟ್ಟಿ ಗೋಡೆಗೆ ಒರಗಿಸಿಟ್ಟಿತ್ತು. ಕಟ್ಟಿದವಳು ಹೊನ್ನಿಯೇ. ಯಾರೂ ಹೇಳಿರಲಿಲ್ಲ.

ನಾನು ಮೇಜಿನ ಮೇಲಿದ್ದುದನ್ನೆಲ್ಲ ತೆಗೆಯಿಸಿದೆ. ಹೂವಿನ ಬಟ್ಟಲು, ಉಪ್ಪು, ಕೊನೆಗೆ ಹಾಸುಬಟ್ಟೆಯನ್ನೂ. ಬರಿಯ ಮರಕ್ಕೆ ಕೆನ್ನೆ ಇಟ್ಟು ಕಣ್ಣು ಮುಚ್ಚಿದೆ. ಏನೂ ಕೇಳಲಿಲ್ಲ. ಕಣ್ಣು ತೆರೆದಾಗ, ಕೆನ್ನೆ ಮರದ ಮೇಲೇ ಇದ್ದುದರಿಂದ, ಕಿಟಕಿಯ ಬೆಳಕು ಮೇಜಿನ ಮೇಲೆ ಓರೆಯಾಗಿ ಹರಿಯುವುದು ಕಂಡಿತು. ಆ ಬೆಳಕಿನಲ್ಲಿ ನಾಲ್ಕು ಗುಂಡನೆಯ ಗುರುತುಗಳು. ವರ್ಷಾನುಗಟ್ಟಲೆ ಅದದೇ ಜಾಗದಲ್ಲಿ ತಟ್ಟೆಗಳು ಕೂತು ಮೆರುಗು ಹೋಗಿ ಮರ ತಗ್ಗಿತ್ತು. ಬೆರಳಿಟ್ಟರೆ ತಗ್ಗು ತಿಳಿಯುತ್ತಿತ್ತು. ಮೇಲಿನ ತುದಿಯದು ನಂಜುಂಡಪ್ಪನವರದು, ಕಿಟಕಿಯ ಪಕ್ಕದ್ದು ಗಂಗಾಂಬಿಕೆಯದು, ಎದುರುಬದುರಾಗಿ ಗಂಡಹೆಂಡಿರದು. ಬಟ್ಟೆಯ ಮೇಲಿಂದಲೇ ಈ ಗುರುತುಗಳನ್ನು ಬೆರಳಿನಿಂದ ಹುಡುಕಿ, ಕೂದಲೆಳೆಯಷ್ಟೂ ತಪ್ಪದೆ ತಟ್ಟೆ ಕೂರಿಸುವುದು ನನ್ನ ಹೆಮ್ಮೆಯಾಗಿತ್ತು. ಮೊದಲ ದಿನವೂ ಹಾಗೇ ಕೂರಿಸಿದ್ದೆ. ನಾಲ್ವರನ್ನು ಅವರವರ ತಗ್ಗಿನಲ್ಲಿ ಭದ್ರವಾಗಿ ಕೂರಿಸಿ, ಉಳಿದ ಮೂಲೆಯಲ್ಲಿ ಹೊನ್ನಿಯ ತಟ್ಟೆ ಎಲ್ಲಿ ಹಿಡಿಸುತ್ತದೆಂದು ಹುಡುಕಿದ್ದೆ.

ಆಗ ಅಪ್ಪ ನೆನಪಾದರು. ಜಗುಲಿಯಲ್ಲಿ ಓದುವಾಗ ಯಾರಾದರೂ ತಡವಾಗಿ ಬಂದು ಕಂಬದ ಹತ್ತಿರ ನಿಂತರೆ ಅಪ್ಪ ಪದ್ಯದ ನಡುವೆಯೇ ನಿಲ್ಲಿಸಿಬಿಡುತ್ತಿದ್ದರು. ಬಂದವರು ನಾಚಿ, “ಇಲ್ಲೇ ಜಾಗ ಇದೆ ಸ್ವಾಮಿ, ನೀವು ಓದಿ,” ಎನ್ನುವರು. “ನಿಮಗೆ ಜಾಗ ಇದೆ ಅಂತ ನನಗೂ ಕಾಣುತ್ತೆ. ಇವರು ಒಂದೊಂದು ಮೊಳ ಸರಿಯಲಿ ಅಂತ ನಿಂತಿದೀನಿ,” ಎನ್ನುವರು ಅಪ್ಪ. ಚಾಪೆಯ ಮೇಲೆ ಕೂತಿದ್ದವರೆಲ್ಲ ಗೊಣಗಿಕೊಂಡು ಸರಿದ ಮೇಲೆಯೇ ಮುಂದಿನ ಸಾಲು.

ನಾನು ಎದ್ದು ನಿಂತೆ. “ಎಲ್ಲರೂ ಹಜಾರಕ್ಕೆ ಹೋಗಿ. ನಾನು ಕರೀತೀನಿ. ಚಿಕ್ಕೋರು ಮೊದಲು ಬರಬೇಕು. ಬಂದು, ಯಾವ ಜಾಗ ಬೇಕೋ ಅಲ್ಲಿ ಕೂರಬೇಕು. ಆಮೇಲೆ ಅವರಿಗಿಂತ ದೊಡ್ಡೋರು. ದೊಡ್ಡೋರು ಕೊನೇಲಿ, ಉಳಿದಿದ್ದರಲ್ಲಿ.”

ಮನೆ ಒಂದು ಕ್ಷಣ ಅಲ್ಲಾಡಿದಂತಾಯಿತು. ನಮ್ಮೂರಿನಲ್ಲಿ ಹಿರಿಯರು ಕೂರದೆ ಬೇರೆಯವರು ಕುರ್ಚಿ ಮುಟ್ಟುವುದಿಲ್ಲ.

“ನಲವತ್ತು ವರ್ಷದಿಂದ ಮೊದಲು ಕೂತೋನು ನಾನು ಜಾನಕಮ್ಮ,” ಎಂದರು ನಂಜುಂಡಪ್ಪ.

“ಗೊತ್ತು ಅಜ್ಜ.”

“ಮೇಜು ಮಾಡಿಸಿದೋನೂ ನಾನೇ.”

“ಅದೂ ಗೊತ್ತು.”

ಅವರು ನನ್ನನ್ನೂ ಗೋಡೆಗೊರಗಿದ್ದ ಗಂಟನ್ನೂ ನೋಡಿದರು. “ಕೊನೇಲಿ ಬಂದ್ರೆ ಹೋಳಿಗೆ ಆದ್ರೂ ಉಳಿದಿರುತ್ತೋ?” ಎಂದು ಗೊಣಗಿ, ಊರುಗೋಲು ಊರಿಕೊಂಡು ಎಲ್ಲರಿಗಿಂತ ಮೊದಲು ಹೊರಗೆ ಹೋದರು.

ಹೊನ್ನಿಯನ್ನು ಕರೆದೆ. ಬಂದಳು. “ಎಲ್ಲಿ ಕೂರ್ಲಿ?” ಎಂದಳು. ಮತ್ತೆ ಕೇಳಿದಳು. ನಾನು ಗೋಡೆಯ ಕಡೆ ತಿರುಗಿ ನಿಂತೆ. ಹಿಂದೆ ಬರಿಗಾಲಿನ ಸದ್ದು. ಮೇಜಿನ ಸುತ್ತ ಒಂದು ಸುತ್ತು, ಅರ್ಧದಲ್ಲಿ ನಿಂತದ್ದು, ಮತ್ತೊಂದು ಸುತ್ತು. ಅಂಗೈ ಮರದ ಮೇಲೆ ಸವರಿಕೊಂಡು ಹೋಗುವ ಮೆಲುಸದ್ದು. ಆ ಸದ್ದಿಗೂ ಒಂದು ನಡೆಯಿತ್ತು, ನಿಲ್ಲುವಲ್ಲಿ ನಿಂತು ಮುಂದೆ ಹೋಗುವ ನಡೆ. ಕುರ್ಚಿ ಎಳೆದ ಸದ್ದಾಯಿತು. ತಿರುಗಿ ನೋಡಿದೆ. ಕಿಟಕಿಯ ಪಕ್ಕ ಕೂತಿದ್ದಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

ಸಾವಂತ್ರಮ್ಮ ಬಂದು ಅಜ್ಜನ ಜಾಗದ ಹತ್ತಿರ ಹಿಂಜರಿದು, ಅದರ ಪಕ್ಕದಲ್ಲಿ ಕೂತರು. ಮರುಳಪ್ಪ ಎಂದೂ ಕೂರದ ಕೆಳತುದಿಯಲ್ಲಿ ಕೂತರು. ಗಂಗಾಂಬಿಕೆ ಬಾಗಿಲಲ್ಲೇ ನಿಂತುಬಿಟ್ಟರು.

“ಅದು ನನ್ನ ಜಾಗ.”

ಹೊನ್ನಿ ಸೊಂಟ ಎತ್ತುವುದರಲ್ಲಿದ್ದಳು. ನಾನು ಅವಳ ಭುಜದ ಮೇಲೆ ಕೈಯಿಟ್ಟೆ.

“ಗಂಗಕ್ಕ, ಇವತ್ತೊಂದು ದಿನ,” ಎಂದೆ.

ಅವರ ಮುಖ ನೋಡಲು ನನ್ನಿಂದಾಗಲಿಲ್ಲ. ಹನ್ನೊಂದು ವರ್ಷದ ಹಿಂದೆ ಗಂಡನ ಮನೆಯಿಂದ ಒಂದು ಟ್ರಂಕು ಹಿಡಿದು ಅವರು ವಾಪಸು ಬಂದಾಗ, ಅವರ ಕೋಣೆ ದಾಸ್ತಾನಿನ ಕೋಣೆಯಾಗಿತ್ತು, ಅವರ ಮಂಚ ಯಾರಿಗೋ ಕೊಟ್ಟಾಗಿತ್ತು, ಹಿತ್ತಲಿನ ಅವರ ಸಂಪಿಗೆ ಮರ ಇರಲಿಲ್ಲ. ಅವತ್ತು ಹಬ್ಬ. ನೇರವಾಗಿ ಹೋಗಿ ಕಿಟಕಿಯ ಪಕ್ಕ ಕೂತಿದ್ದರು, ತಗ್ಗು ಹಾಗೇ ಇತ್ತು. ಆ ಹಬ್ಬದ ಮೇಜನ್ನು ಸಿಂಗರಿಸಿದವಳು ನಾನೇ. ಆ ಮನೆಯಲ್ಲಿ ಅವರದು ಅಂತ ಉಳಿದದ್ದು ಆ ಜಾಗವೊಂದೇ.

ಹಿಂದಿನಿಂದ ನಂಜುಂಡಪ್ಪ ಬಂದರು. “ಗಂಗಾ, ಮೇಜು ತಂದ ದಿನ ನೀನೂ ಹೀಗೇ ಮಾಡಿದ್ದೆ. ನಾನು ಕೂರೋಕೆ ಮುಂಚೆ ಓಡಿಹೋಗಿ ಅಲ್ಲೇ ಕೂತಿದ್ದೆ. ನಿಮ್ಮಮ್ಮ ಸೌಟು ಎತ್ತಿಕೊಂಡು ಬಂದ್ಲು. ನೀನು ಏಳಲಿಲ್ಲ.”

“ಅದೆಲ್ಲ ನಿಮಗೆ ನೆನಪಿದೆಯೇನಪ್ಪ?”

“ಮೇಜು ಮೊದಲನೇ ಸಲ ಓಗೊಟ್ಟಿದ್ದು ಆವತ್ತಲ್ವಾ.”

ಗಂಗಾಂಬಿಕೆ ಸೆರಗಿನಿಂದ ಮೂಗು ಒರೆಸಿಕೊಂಡರು. ನಿಧಾನವಾಗಿ ನಡೆದು, ಅಡುಗೆಮನೆಯ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಬೇರೆಯವರ ಮನೆಯಲ್ಲಿ ಕೂತಂತೆ ತುದಿಯಲ್ಲಿ ಕೂತರು. ಉಳಿದ ಜಾಗದಲ್ಲಿ, ಹೊನ್ನಿಯ ಎದುರಿಗೆ, ಅಜ್ಜ ಕೂತರು. ಮೇಲಿನ ತುದಿ ಖಾಲಿ ಉಳಿಯಿತು. ನಾಲ್ಕು ತಗ್ಗುಗಳ ಮೇಲೆ ಸರಿಯಾಗಿ ಒಬ್ಬರೂ ಇರಲಿಲ್ಲ. ಹೊನ್ನಿಯ ಕುರ್ಚಿ ಕೂಡ ಕಿಟಕಿಗೆ ಒಂದು ಗೇಣು ಹೆಚ್ಚೇ ವಾಲಿತ್ತು.

ಬಟ್ಟೆ ಹಾಸಲಿಲ್ಲ. ಹೂವು ಇಡಲಿಲ್ಲ. ಉಪ್ಪಿನ ಬಟ್ಟಲು, ಸಾರು ಅನ್ನದ ಪಾತ್ರೆ ನಡುವೆ ಇಟ್ಟೆ. ಒಬ್ಬೊಬ್ಬರ ಮುಂದೆ ನೀರಿನ ಲೋಟ, ತಟ್ಟೆ ಇಡುತ್ತ ಬಂದೆ. ನನ್ನ ಬೆರಳುಗಳು ತಾವಾಗಿ ಹಳೆಯ ತಗ್ಗುಗಳ ಕಡೆ ಜಾರುತ್ತಿದ್ದವು, ಎಳೆದು ಹಿಡಿದುಕೊಂಡೆ. ಐದನೆಯದನ್ನು ಹೊನ್ನಿಯ ಮುಂದೆ ಇಟ್ಟು ಕೈ ತೆಗೆದೆ.

ಏನೂ ಆಗಲಿಲ್ಲ. ಬೀದಿಯಲ್ಲಿ ಗಾಡಿಯ ಎತ್ತು ಕೊರಳು ಕೊಡವಿದ ಗಂಟೆಯ ಸದ್ದು ಕೇಳಿತು. ಸಾವಂತ್ರಮ್ಮ ತುಟಿ ಕಚ್ಚಿಕೊಂಡು ಹೊನ್ನಿಯನ್ನೇ ನೋಡುತ್ತಿದ್ದರು, ಕೊನೆಯ ಸಲ ನೋಡುವವರ ಹಾಗೆ. ತಪ್ಪು ಮಾಡಿದೆ, ಇದ್ದ ಮೇಜನ್ನೂ ಕೆಡಿಸಿದೆ ಎಂದುಕೊಂಡೆ.

ಆಗ ಅಂಗಾಲು ಬೆಚ್ಚಗಾಯಿತು.

ಬಂದದ್ದು ಹಳೆಯ ದನಿಯಲ್ಲ. ನಾನು ಬಲ್ಲ ಯಾವ ಮನೆಯ ದನಿಯೂ ಅಲ್ಲ. ಎಲ್ಲೋ ತಳದಲ್ಲಿ, ನೆಲಕ್ಕೂ ಕೆಳಗೆ ಶುರುವಾಗಿ, ಅಪ್ಪ ಕತ್ತಲಾಗುವ ಹೊತ್ತಿಗೆ ತೆಗೆಯುತ್ತಿದ್ದ ಮೊದಲ ಆಲಾಪದ ಹಾಗೆ ಅವಸರವಿಲ್ಲದೆ ಮೇಲೆ ಬಂತು. ಅದರ ಮೇಲೆ ಇನ್ನೊಂದು ದನಿ ಏರಿತು, ಎಳೆಯದು, ತೆಳುವಾದದ್ದು. ಎರಡೂ ಒಂದನ್ನೊಂದು ಹಿಡಿದುಕೊಂಡು ನಿಂತವು. ಲೋಟಗಳ ನೀರು ಮಾತ್ರವಲ್ಲ, ಸಾರಿನ ಪಾತ್ರೆಯಲ್ಲೂ ಬಳೆಯಂಥ ಅಲೆಗಳು ಎದ್ದವು. ಅಡುಗೆಮನೆಯ ಗೂಡಿನಲ್ಲಿದ್ದ ಸ್ಟೀಲ್ ಡಬ್ಬಗಳು ಒಂದೊಂದಾಗಿ ಗುನುಗಿದವು. ಹಜಾರದಲ್ಲಿ ಮರುಳಪ್ಪ ಜೋಡಿಸದೆ ಬಿಟ್ಟಿದ್ದ ಗಡಿಯಾರದ ಸ್ಪ್ರಿಂಗು ಕೂಡ ಸಣ್ಣಗೆ ಮಿಡಿಯಿತು. ಕಿಟಕಿಯಿಂದ ನೋಡಿದರೆ ಎದುರು ಮನೆಯವರು ತುತ್ತು ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದಿದ್ದರು. ಬೀದಿಯುದ್ದಕ್ಕೂ ಜನ ಒಬ್ಬೊಬ್ಬರಾಗಿ ಹೊರಗೆ ಬಂದು, ಮಾತಿಲ್ಲದೆ ಈ ಮನೆಯ ಕಡೆ ನಿಂತಿದ್ದರು. ಜಗುಲಿಯ ಮೇಲೆ ಹಿರಿಯಮ್ಮ ಎದ್ದು ಎರಡೂ ಕೈ ಜೋಡಿಸಿದ್ದರು. ನಾನು ಎಷ್ಟೋ ದೇವಸ್ಥಾನಗಳ ಮುಂದೆ ಕೈ ಮುಗಿದಿದ್ದೇನೆ. ಆ ಮಧ್ಯಾಹ್ನ, ಸಾರು ಅನ್ನದ ಮುಂದೆ, ನನ್ನ ಕೈಗಳು ತಾವಾಗಿ ಮೇಲೆದ್ದವು.

“ಅಮ್ಮೋರೆ, ಸಾರು ಆರ್ತಾ ಇದೆ,” ಎಂದಳು ಹೊನ್ನಿ.

ಸಾವಂತ್ರಮ್ಮ ನಗುತ್ತ ಅಳುತ್ತ ಎದ್ದು ಬಡಿಸಿದರು. ನನಗೂ ಒಂದು ತಟ್ಟೆ ಇಡಲು ಬಂದರು. ಬೇಡವೆಂದು ಗೋಡೆಗೆ ಒರಗಿ ನಿಂತೆ, ಕೇಳಿಸಿಕೊಳ್ಳುತ್ತ. ಹಿರಿಯಮ್ಮ ಒಳಗೆ ಬಂದು ಒಂದು ತುಂಡು ಹೋಳಿಗೆಯನ್ನು ನಿಂತೇ ತಿಂದು, ಹೊನ್ನಿಯ ತಲೆ ಸವರಿ, ಗಂಟನ್ನು ಬಿಚ್ಚಿ ಅವಳ ಸ್ಲೇಟನ್ನು ಗೂಡಿನಲ್ಲಿ ಇಟ್ಟು ಹೋದರು. ಗಾಡಿ ತಿರುಗಿದ ಸದ್ದು ಕೇಳಿತು. ಅಜ್ಜ, “ಹೋಳಿಗೆ ಉಳಿದಿದೆ,” ಎಂದು ಮೂರನೆಯದಕ್ಕೆ ಕೈ ಹಾಕಿದರು. ದನಿ ಹಾಗೇ ನಿಂತಿತ್ತು, ತುಂಬಿದ ಕೊಡದ ಹಾಗೆ.

ಗಂಗಾಂಬಿಕೆ ಒಂದೆರಡು ತುತ್ತು ಉಂಡರು. ಉ‌ಣ್ಣುತ್ತ ಉಣ್ಣುತ್ತ ಕಿಟಕಿಯ ಕಡೆಗೇ ನೋಡುತ್ತಿದ್ದರು. ಅವರು ಕೂತಲ್ಲಿಂದ ಬೀದಿ ಕಾಣುತ್ತಿರಲಿಲ್ಲ, ಅಡುಗೆಮನೆಯ ಒಲೆ ಕಾಣುತ್ತಿತ್ತು. ಕೊನೆಗೆ ತಡೆಯಲಾಗದೆ, ತಮ್ಮ ತಟ್ಟೆಯ ಹೋಳಿಗೆಯನ್ನು ಎತ್ತಿ ಮೇಜಿನ ಮೇಲೆ ಬಾಗಿ ಹೊನ್ನಿಯ ಮುಂದೆ ಹಿಡಿದರು. ಅವರ ದನಿ ಎಂದೂ ಇಲ್ಲದಷ್ಟು ಮೆತ್ತಗಿತ್ತು.

“ಪುಟ್ಟಿ, ಇಲ್ನೋಡು. ಆಯ್ತಲ್ಲ, ಮೇಜು ಓಗೊಟ್ತು, ನೀನು ಈ ಮನೆಯವಳೇ ಆದೆ. ನಾಳೆಯಿಂದ ಆ ಜಾಗ ನನಗೆ ಬಿಟ್ಟುಕೊಡ್ತೀಯಾ? ನನ್ನ ಹೋಳಿಗೆ ನಿನಗೆ. ದಿನಾ ಕೊಡ್ತೀನಿ, ಏನು ಮಾಡಿದ್ರೂ ನನ್ನ ಪಾಲು ನಿನಗೇ.”

ಎಲ್ಲರ ಕೈಗಳೂ ತಟ್ಟೆಯಲ್ಲೇ ನಿಂತವು. ಹೂಂ ಅಂದುಬಿಡುತ್ತಾಳೆ ಎಂದುಕೊಂಡೆ. ಅವಳಿಗೆ ಬರುತ್ತಿದ್ದುದು ಅದೊಂದೇ ಮಾತು. ಸಾವಂತ್ರಮ್ಮ ಬಾಯಿ ತೆರೆಯಲು ಹೋಗಿ, ನನ್ನನ್ನು ನೋಡಿ ಮುಚ್ಚಿಕೊಂಡರು. ಹೊನ್ನಿ ಹೋಳಿಗೆಯನ್ನು ನೋಡಿದಳು. ಕಿಟಕಿಯಿಂದ ಹೊರಗೆ, ಬಿಸಿಲು ಬಿದ್ದ ಬೀದಿಯನ್ನು ನೋಡಿದಳು. ಆಮೇಲೆ ಗಂಗಾಂಬಿಕೆಯ ಮುಖವನ್ನು, ತುಂಬ ಹೊತ್ತು, ಹೆದರಿಕೆಯಿಲ್ಲದೆ. ಅವಳ ತುಟಿಯ ಅಂಚಿನಲ್ಲಿ ತುಪ್ಪ ಅಂಟಿತ್ತು. ಗಂಗಾಂಬಿಕೆಯ ಕೈಯಿಂದ ಹೋಳಿಗೆಯನ್ನು ತೆಗೆದುಕೊಂಡು, ತನ್ನ ತಟ್ಟೆಗೆ ಹಾಕಿಕೊಂಡು, ಕುರ್ಚಿಯನ್ನು ಇನ್ನೂ ಸ್ವಲ್ಪ ಕಿಟಕಿಯ ಕಡೆಗೆ ಎಳೆದುಕೊಂಡಳು.

“ಕೊಡಲ್ಲ,” ಅಂದಳು.